‘ನಿಮಗೆ ತೋಚಿದಷ್ಟು ಕೊಡಿ’ ಅನ್ನೋದನ್ನು ಬಿಟ್ಟ ಮೇಲೆ

2018ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ನಮ್ಮ ಬೀದಿಯ ಕೊನೆಮನೆ ಆಂಟಿ ಒಂದು ರೇಷ್ಮೆ ಸೀರೆ ತಂದುಕೊಟ್ಟು, "ನಾಳೆ ಪೂಜೆಗೆ ಉಡಬೇಕು ಕಣಮ್ಮ, ಹೇಗಾದ್ರೂ ಮಾಡಿ ಕುಚ್ಚು ಹಾಕ್ಕೊಡು" ಅಂದರು. ನನ್ನ ಮನೆಯಲ್ಲೂ ಹಬ್ಬವೇ. ಹೋಳಿಗೆಗೆ ಬೇಳೆ ಬೇಯಿಸಬೇಕು, ಕಳಶಕ್ಕೆ ಉಡಿಸುವ ಸೀರೆಗೆ ನೆರಿಗೆ ಹಿಡಿಯಬೇಕು, ಬಾಗಿಲಿಗೆ ತೋರಣ ಆಗಿಲ್ಲ. ಆದರೂ ಹೂಂ ಅಂದೆ. ರಾತ್ರಿ ಹತ್ತೂವರೆಗೆ ಕೂತವಳು ಎದ್ದಿದ್ದು ಎರಡೂ ಮುಕ್ಕಾಲಿಗೆ. ಬೆಳಿಗ್ಗೆ ಅವರು ಬಂದು ಸೆರಗು ಬಿಡಿಸಿ ನೋಡಿ, ತುಂಬಾ ಖುಷಿಪಟ್ಟು, "ಎಷ್ಟಾಯ್ತು ಹೇಳಮ್ಮ" ಅಂದಾಗ ನನ್ನ ಬಾಯಿಂದ ಬಂದದ್ದು, "ಅಯ್ಯೋ, ನಿಮಗೆ ತೋಚಿದಷ್ಟು ಕೊಡಿ ಆಂಟಿ."

ಅವರಿಗೆ ತೋಚಿದ್ದು 150 ರೂಪಾಯಿ. ಜೊತೆಗೆ ಎರಡು ಬಾಳೆಹಣ್ಣು, ಒಂದು ಬ್ಲೌಸ್ ಪೀಸು.

ಆಗ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಹಬ್ಬದ ದಿನವೆಲ್ಲ ಮುಖ ಊದಿಸಿಕೊಂಡು ಓಡಾಡಿದೆ. ಈಗ ಯೋಚಿಸಿದರೆ ಅವರದ್ದೇನು ತಪ್ಪು? ರೇಟ್ ಹೇಳಬೇಕಾದವಳು ನಾನು. ಹೇಳಲಿಲ್ಲ. ಅವರಿಗೆ ಕುಚ್ಚು ಹಾಕೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತಲೇ ಗೊತ್ತಿರಲಿಲ್ಲ, ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದರು. ಅದನ್ನೂ ನಾನು ಯಾವತ್ತೂ ಹೇಳಿರಲಿಲ್ಲ.

ನಾನು ತುಮಕೂರಿನಲ್ಲಿರೋದು. ಬಿ.ಕಾಂ ಓದಿ ಒಂದು ಕಡೆ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ, ಮಗಳು ಹುಟ್ಟಿದ ಮೇಲೆ ಬಿಟ್ಟೆ. 2016ರಲ್ಲಿ ಪಕ್ಕದ ಬಡಾವಣೆಯ ಒಬ್ಬ ಅಕ್ಕನ ಹತ್ತಿರ ಹದಿನೈದು ದಿನ ಹೋಗಿ ಸೀರೆ ಕುಚ್ಚು ಕಲಿತೆ. ಅಕೌಂಟ್ಸ್ ಗೊತ್ತಿದ್ದವಳು ಅನ್ನೋದನ್ನು ಬೇಕಂತಲೇ ಹೇಳುತ್ತಿದ್ದೇನೆ. ಬೇರೆಯವರ ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುತ್ತಿದ್ದವಳು ನನ್ನ ಕೆಲಸದ ಲೆಕ್ಕವನ್ನು ಎರಡು ವರ್ಷ ಒಂದು ಚೀಟಿಯಲ್ಲೂ ಬರೆಯಲಿಲ್ಲ!

ಕುಚ್ಚು ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಆದರೆ ಹಾಕಿಸಿಕೊಳ್ಳುವವರಲ್ಲಿ ಹಾಕೋದನ್ನು ನೋಡಿದವರು ಕಡಿಮೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಸೆರಗಿನ ಅಗಲ ಸುಮಾರು 46 ಇಂಚು ಇರುತ್ತೆ. ತೀರಾ ಸಾದಾ ಬೇಬಿ ಕುಚ್ಚು, ಅರ್ಧ ಇಂಚಿಗೊಂದು ಅಂತ ಇಟ್ಟುಕೊಂಡರೂ ಒಂದು ಸೆರಗಿಗೆ 90 ಕುಚ್ಚು ಬೇಕು. ಸೀರೆಯ ಬಣ್ಣಕ್ಕೆ ಹೊಂದುವ ಎರಡು ದಾರ ಆರಿಸಿ, ಮಕ್ಕಳ ಪರೀಕ್ಷೆ ಪ್ಯಾಡಿಗೆ ಎಳೆ ಎಣಿಸಿ ಸುತ್ತಿ, ಸೂಜಿಗೆ ಪೋಣಿಸಿ, ಸೆರಗಿನ ಅಂಚಿಗೆ ಚುಚ್ಚಿ, ಮಡಚಿ, ಕುತ್ತಿಗೆಗೆ ಜರಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿ, ಗಂಟು ಬಿಚ್ಚದ ಹಾಗೆ ಒಂದೇ ಒಂದು ಹನಿ ಅಂಟು ಇಡಬೇಕು. ಅಂಟು ಜಾಸ್ತಿ ಆದರೆ ಸೀರೆ ಮೇಲೆ ಕಲೆ, ಕಡಿಮೆ ಆದರೆ ಎರಡು ಸಲ ಉಟ್ಟ ಮೇಲೆ ಕುಚ್ಚು ಉದುರುತ್ತೆ. ಕೊನೆಗೆ ಸ್ಕೇಲ್ ಹಿಡಿದು ತೊಂಬತ್ತನ್ನೂ ಒಂದೇ ಉದ್ದಕ್ಕೆ ಕತ್ತರಿಸೋದು. ಇದು ಸಾದಾ. ಕೊಕ್ಕೆ ಸೂಜಿಯಲ್ಲಿ ಹೆಣೆಯುವ ಕ್ರೋಶಾ ಕುಚ್ಚು, ಮಣಿ ಕುಚ್ಚು, ಮದುವೆ ಹೆಣ್ಣಿನ ಸೀರೆಯ ಕುಚ್ಚು ಅಂದರೆ ಒಂದಿಡೀ ದಿನ, ಕೆಲವಕ್ಕೆ ಎರಡು ದಿನ.

ಆ ಹಬ್ಬದ ಮಾರನೇ ದಿನ ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆ ಹರಿದು, ಮೊದಲ ಸಲ ಕೂತು ಲೆಕ್ಕ ಹಾಕಿದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಆ ತಿಂಗಳಿಡೀ ಪ್ರತಿ ಸೀರೆಗೂ ಹೊತ್ತು ಬರೆದೆ. ಮಧ್ಯೆ ಹಾಲು ಉಕ್ಕಿತು, ಕೊರಿಯರ್ ಬಂತು ಅಂತ ಎದ್ದಾಗ ನಿಲ್ಲಿಸೋದು, ಮತ್ತೆ ಕೂತಾಗ ಶುರು ಮಾಡೋದು. ಬೇಬಿ ಕುಚ್ಚಿಗೆ ಸರಾಸರಿ 4 ಗಂಟೆ. ದಾರ, ಜರಿ, ಅಂಟು ಸೇರಿ ಖರ್ಚು 45 ರೂಪಾಯಿ. ನಾನು ಸಾಮಾನ್ಯವಾಗಿ ತಗೊಳ್ಳುತ್ತಿದ್ದದ್ದು 200. ಉಳಿದ 155ನ್ನು ನಾಲ್ಕರಿಂದ ಭಾಗಿಸಿದರೆ ಗಂಟೆಗೆ ಹೆಚ್ಚುಕಡಿಮೆ 39 ರೂಪಾಯಿ. ಕ್ರೋಶಾ ಕುಚ್ಚಿಗೆ 9 ಗಂಟೆ, 500 ರೂಪಾಯಿ, ಮಣಿ ದಾರಕ್ಕೆ 130 ಕಳೆದರೆ ಗಂಟೆಗೆ 41. ಅಂದರೆ ಕಷ್ಟದ ಕೆಲಸ ಕಲಿತದ್ದಕ್ಕೆ ನನಗೆ ನಾನು ಕೊಟ್ಟುಕೊಂಡ ಬಡ್ತಿ ಗಂಟೆಗೆ ಎರಡು ರೂಪಾಯಿ. ನಗುನೂ ಬಂತು, ಅಳುನೂ ಬಂತು.

ಇದನ್ನು ಯಜಮಾನರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ನೋಡಿ ಹೇಳಿದರು, "ಇರಲಿ ಬಿಡು, ಬಿಡುವಿನ ವೇಳೆಯಲ್ಲಿ ಮಾಡೋದು ತಾನೆ." ಈ ‘ಬಿಡುವಿನ ವೇಳೆ’ ಅನ್ನೋ ಮಾತಿದೆಯಲ್ಲ, ನನಗೆ ಅದರ ಮೇಲೆ ದೊಡ್ಡ ತಕರಾರಿದೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಸುಮಾರು ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ಆ ಐದು ಗಂಟೆ ಮುಗಿಸಿಕೊಂಡು ಕೂತು ಮಾಡುವ ಕೆಲಸಕ್ಕೆ ಬಿಡುವು ಅಂತ ಹೆಸರಿಟ್ಟರೆ ಅದರ ಬೆಲೆ ಅಲ್ಲೇ ಅರ್ಧ ಬಿದ್ದುಹೋಯಿತು. ನಾನೇ ಎಷ್ಟು ಸಲ ಅಂದಿಲ್ಲ, "ಸುಮ್ನೆ ಟೈಂಪಾಸ್‌ಗೆ ಮಾಡ್ತೀನಿ" ಅಂತ?

ಅದೇ ಹೊತ್ತಿಗೆ ಒಂದು ಬೊಟಿಕ್‌ನವರಿಗೂ ಕೆಲಸ ಮಾಡಿಕೊಡುತ್ತಿದ್ದೆ. ದಾರ ಅವರದ್ದು, ಬೇಬಿ ಕುಚ್ಚಿಗೆ 120 ಕೊಡುತ್ತಿದ್ದರು. ತಿಂಗಳಿಗೆ ಇಪ್ಪತ್ತು ಸೀರೆ ಖಾತ್ರಿ ಇತ್ತು ಅಂತ ನೆಮ್ಮದಿಯಾಗಿದ್ದೆ. ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರ ಸೆರಗು ನೋಡಿದರೆ ನನ್ನದೇ ಕೈಕೆಲಸ. ಹಸಿರಿಗೆ ತಾಮ್ರದ ಬಣ್ಣದ ಜರಿ, ಆ ಜೋಡಿ ನನಗೆ ಚೆನ್ನಾಗಿ ನೆನಪಿತ್ತು. ಚೆನ್ನಾಗಿದೆ, ಎಲ್ಲಿ ಹಾಕಿಸಿದಿರಿ, ಎಷ್ಟಾಯಿತು ಅಂತ ಕೇಳಿದೆ. "450 ತಗೊಂಡ್ರು, ಆದ್ರೆ ಕೆಲಸ ನೀಟಾಗಿದೆ ಅಲ್ವಾ" ಅಂದರು. ಅನ್ನ ಸಾರು ಗಂಟಲಲ್ಲಿ ಇಳಿಯಲಿಲ್ಲ. ‘ಇದನ್ನು ಹಾಕಿದ್ದು ನಾನೇ’ ಅನ್ನೋ ಒಂದು ಮಾತು, ಬರೀ ಮೂರು ಪದ, ನಾಲಿಗೆ ತುದಿವರೆಗೆ ಬಂದು ವಾಪಸ್ ಹೋಯಿತು. ಯಾಕೆ ಹೋಯಿತು ಅಂತ ಇವತ್ತಿಗೂ ಯೋಚಿಸುತ್ತೇನೆ.

ಬೊಟಿಕ್‌ನವರ ಹತ್ತಿರ ಹೋಗಿ 200 ಮಾಡಿ ಅಂತ ಕೇಳಿದೆ. "ನಿಮಗೇನು, ಮನೆಯಲ್ಲೇ ಕೂತು ಮಾಡ್ತೀರ, ಅಂಗಡಿ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ" ಅಂದರು. ಅವರ ಕಡೆಯಿಂದ ನೋಡಿದರೆ ಅದರಲ್ಲೂ ನ್ಯಾಯ ಇದೆ, ಗಿರಾಕಿ ಕರೆತರೋದು ಅವರು, ಸೀರೆಗೆ ಏನಾದರೂ ಆದರೆ ಬೈಸಿಕೊಳ್ಳೋದೂ ಅವರೇ. ಆದರೆ ನಾಲ್ಕರಲ್ಲಿ ಒಂದು ಪಾಲು ನನಗೆ, ಮೂರು ಪಾಲು ಅವರಿಗೆ ಅನ್ನೋದು ಯಾಕೋ ಒಪ್ಪಿಗೆಯಾಗಲಿಲ್ಲ. ಬಿಟ್ಟೆ. ಬಿಟ್ಟ ಮೇಲಿನ ಎರಡು ತಿಂಗಳು ಬಂದದ್ದು ಒಟ್ಟು ಏಳು ಸೀರೆ. ಯಜಮಾನರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ದಿನಾ ಸಂಜೆ ಬಂದವರೇ ಸೀರೆ ಇಡುವ ಬೀರು ಕಡೆ ಒಂದು ಸಲ ನೋಡುತ್ತಿದ್ದರು.

ಸರಿ, ಈಗ ರೇಟ್ ಹೇಳುವ ವಿಷಯಕ್ಕೆ ಬರುತ್ತೇನೆ. ಬೇಬಿ ಕುಚ್ಚು 300, ಕ್ರೋಶಾ 1,200, ಮದುವೆ ಸೀರೆಗೆ 2,500ರಿಂದ ಮೇಲೆ ಅಂತ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬರೆಯೋದು ಸುಲಭ. ಬಾಯಲ್ಲಿ ಹೇಳೋದೇ ಬರುತ್ತಿರಲಿಲ್ಲ. ಆಗ ಎಂಟನೇ ಕ್ಲಾಸಿನಲ್ಲಿದ್ದ ಮಗಳು ಒಂದು ದಿನ ಹೋಂವರ್ಕ್ ಮಾಡುತ್ತ ಕೂತಿದ್ದವಳು, ಗಿರಾಕಿ ಹೋದ ಮೇಲೆ ಹೇಳಿದಳು, "ಅಮ್ಮ, ನೀನು ರೇಟ್ ಹೇಳಿದ ತಕ್ಷಣ ‘ಆದ್ರೆ’ ಅಂತೀಯ." ನಾನು ನಂಬಲಿಲ್ಲ. ಮುಂದಿನ ವಾರ ಅವಳು ರಫ್ ನೋಟ್‌ಬುಕ್ಕಿನ ಹಿಂದೆ ಗೆರೆ ಎಳೆದು ಲೆಕ್ಕ ಇಟ್ಟಳು. ಒಂಬತ್ತು ಜನ ಬಂದಿದ್ದರು, ಹನ್ನೊಂದು ‘ಆದ್ರೆ’. "300 ಆಗುತ್ತೆ, ಆದ್ರೆ ನಿಮಗೆ 250 ಮಾಡ್ಕೊಡ್ತೀನಿ." "1,200, ಆದ್ರೆ ನೀವು ಹೇಳಿ ಎಷ್ಟು ಮಾಡೋಣ." ಆ ಒಂಬತ್ತು ಜನರಲ್ಲಿ ಕಡಿಮೆ ಮಾಡಿ ಅಂತ ಕೇಳಿದವರು ಇಬ್ಬರೇ! ಉಳಿದ ಏಳು ಜನಕ್ಕೆ ನಾನೇ ಮೇಲೆ ಬಿದ್ದು ಇಳಿಸಿಕೊಟ್ಟಿದ್ದೆ. ಚೌಕಾಸಿ ಮಾಡುತ್ತಿದ್ದದ್ದು ಗಿರಾಕಿಯಲ್ಲ, ನಾನೇ ನನ್ನ ಜೊತೆ.

ನಮ್ಮಜ್ಜಿ ಇಂಥದ್ದಕ್ಕೆ ದಾಕ್ಷಿಣ್ಯಕ್ಕೆ ಬಸುರಾಗೋದು ಅನ್ನುತ್ತಿದ್ದರು. ಅಜ್ಜಿಯ ಬಾಯಿ ಸ್ವಲ್ಪ ಒರಟು, ಆದರೆ ಮಾತು ಸರಿ.

ರಾತ್ರಿ ಊಟ ಆದ ಮೇಲೆ ಮಗಳು ಗಿರಾಕಿ, ನಾನು ನಾನೇ. ಅವಳು ನನ್ನ ದುಪಟ್ಟಾವನ್ನು ಸೆರಗಿನ ಹಾಗೆ ಹೊದ್ದುಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಏನ್ರೀ, ಬರೀ ದಾರ ಕಟ್ಟೋಕೆ ಇಷ್ಟೊಂದಾ? ನಮ್ಮ ಪಕ್ಕದ ರಸ್ತೇಲಿ ಇನ್ನೂರಕ್ಕೆ ಹಾಕ್ತಾರೆ" ಅನ್ನೋಳು. ನಾನು "300 ಆಗುತ್ತೆ" ಅಂದು ಬಾಯಿ ಮುಚ್ಚಿಕೊಂಡು ಕೂರಬೇಕು. ಅಷ್ಟೇ ಆಟ. ಎಷ್ಟು ಕಷ್ಟ ಗೊತ್ತಾ? ಮೂರು ಸೆಕೆಂಡಿಗೆ ಏನಾದರೂ ಹೇಳಬೇಕು ಅನಿಸುತ್ತೆ, ಐದು ಸೆಕೆಂಡಿಗೆ ಬೆವರು, ಹತ್ತಾದರೆ ಯಾರೋ ನನ್ನನ್ನು ದುರಾಸೆಯವಳು ಅಂದ ಹಾಗೆ ಕಿವಿ ಬಿಸಿಯಾಗುತ್ತೆ. ಆಮೇಲೆ ಒಂದು ಉಪಾಯ ಸಿಕ್ಕಿತು. ರೇಟ್ ಹೇಳಿದ ಕೂಡಲೇ ಸೆರಗಿನ ತುದಿ ಕೈಗೆ ತಗೊಂಡು ಬಿಟ್ಟಿರುವ ಎಳೆ ನೋಡೋದು, ಟೇಪ್ ಹಿಡಿದು ಅಳೆಯೋದು. ಕೈಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಿರುತ್ತೆ. ಇದನ್ನು ಇವತ್ತಿಗೂ ಮಾಡುತ್ತೇನೆ, ಸೀರೆ ಅಳೆಯೋ ಅಗತ್ಯವೇ ಇಲ್ಲದಿದ್ದರೂ.

ಮೊದಲ ವರ್ಷ ನನ್ನ ಹತ್ತಿರ ಮಾಮೂಲಾಗಿ ಬರುತ್ತಿದ್ದ ನಲವತ್ತು ಮನೆಗಳಲ್ಲಿ ಹದಿಮೂರು ಬಿಟ್ಟುಹೋದವು. ಲೆಕ್ಕ ಇಟ್ಟಿದ್ದೇನೆ. ಅದರಲ್ಲಿ ನಾಲ್ಕು ವಾಪಸ್ ಬಂದವು, ಒಂಬತ್ತು ಬರಲೇ ಇಲ್ಲ, ಆ ಒಂಬತ್ತರಲ್ಲಿ ಕೊನೆಮನೆ ಆಂಟಿಯೂ ಒಬ್ಬರು. ಎದುರು ಸಿಕ್ಕರೆ ಮಾತಾಡಿಸುತ್ತಾರೆ, ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ, ಸೀರೆ ಮಾತ್ರ ಬೇರೆ ಕಡೆ ಕೊಡುತ್ತಾರೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಧೈರ್ಯವಾಗಿ ರೇಟ್ ಹೇಳಿ, ಗಿರಾಕಿ ಓಡಿ ಬರುತ್ತಾರೆ ಅಂತ ಹೇಳುವವರು ಸುಳ್ಳು ಹೇಳುತ್ತಾರೆ. ಕೆಲವರು ಹೋಗುತ್ತಾರೆ. ಆದರೆ ಅವರು ಹೋದ ಮೇಲೂ ಆ ವರ್ಷದ ಕೊನೆಗೆ ಕೈಯಲ್ಲಿ ಉಳಿದ ದುಡ್ಡು ಹಿಂದಿನ ವರ್ಷಕ್ಕಿಂತ ಜಾಸ್ತಿ ಇತ್ತು, ಕೂತ ಗಂಟೆಗಳು ಕಡಿಮೆ ಇದ್ದವು. ದಾರವನ್ನು ಒಂದೇ ಸಲ ಹತ್ತು ಸೀರೆಗಾಗುವಷ್ಟು ಸುತ್ತಿಟ್ಟುಕೊಳ್ಳೋದು ಕಲಿತೆ, ಬೇಬಿ ಕುಚ್ಚು ಮೂರು ಗಂಟೆಗೆ ಇಳಿಯಿತು. 300ರಲ್ಲಿ 45 ಕಳೆದು ಮೂರರಿಂದ ಭಾಗಿಸಿ ನೋಡಿ, 85. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನೂರು ಇನ್ನೂ ಮುಟ್ಟಿರಲಿಲ್ಲ. ಅದು ಮುಟ್ಟಿದ್ದು ಬೇಬಿ ಕುಚ್ಚಿಗೆ 400 ಮಾಡಿದ ಮೇಲೆ, ಅದಕ್ಕೆ ಇನ್ನೂ ಮೂರು ವರ್ಷ ಬೇಕಾಯಿತು.

ನೆಂಟರದ್ದು ಬೇರೆಯೇ ಪುರಾಣ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ನನ್ನ ಅತ್ತಿಗೆ ಒಂದೇ ಸಲ ಆರು ಸೀರೆ ತಂದು ಸೋಫಾ ಮೇಲಿಟ್ಟು, "ಅರ್ಜೆಂಟ್ ಇಲ್ಲ, ನಿಧಾನಕ್ಕೆ ಹಾಕಿಡು" ಅನ್ನುತ್ತಿದ್ದರು, ದುಡ್ಡಿನ ಮಾತೇ ಇಲ್ಲ. ಅವರ ಹತ್ತಿರ ಕೇಳೋದು ಹೇಗೆ? ನಮ್ಮ ಮನೆಯಲ್ಲಿ ಕಷ್ಟ ಬಂದಾಗ ನಿಂತವರು ಅವರು. ತುಂಬಾ ದಿನ ತಲೆಕೆಡಿಸಿಕೊಂಡು ಒಂದು ದಾರಿ ಹುಡುಕಿದೆ. ಬಿಲ್ ಪುಸ್ತಕ ತಂದು ಅವರಿಗೂ ಪೂರ್ತಿ ಬಿಲ್ ಬರೆದೆ. ಕ್ರೋಶಾ ಎರಡು, 2,400. ಬೇಬಿ ಕುಚ್ಚು ನಾಲ್ಕು, 1,200. ಒಟ್ಟು 3,600. ಅದರ ಕೆಳಗೆ, ‘ಅತ್ತಿಗೆಯವರಿಗೆ ಉಡುಗೊರೆ, ಒಂದು ಕ್ರೋಶಾ, 1,200 ಕಳೆದು’ ಅಂತ ಬರೆದು ಸೀರೆಗಳ ಮೇಲಿಟ್ಟು ಕೊಟ್ಟೆ. ಅವರು ಓದಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ, ನಾನು ಅಭ್ಯಾಸಬಲದಿಂದ ಸೆರಗು ಅಳೆಯುತ್ತ ನಿಂತೆ. "ಇಷ್ಟೊಂದು ಆಗುತ್ತೇನೇ ಇದಕ್ಕೆಲ್ಲ? ನೀನು ಹೇಳೇ ಇಲ್ವಲ್ಲ" ಅಂದವರು ಮಾರನೇ ದಿನ ದುಡ್ಡು ಕಳಿಸಿದರು. ಯಜಮಾನರ ಚಿಕ್ಕಮ್ಮನ ಮಗಳಿಗೆ ಇದೇ ತರ ಮಾಡಿದೆ, ಅವಳು ಬಿಲ್ಲನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ ‘ಈಗ ಸಂಬಂಧಕ್ಕೂ ಬಿಲ್’ ಅಂತ ಬರೆದಳು. ಆ ಗಾಯ ಇನ್ನೂ ಮಾಯ್ದಿಲ್ಲ. ಮದುವೆ ಮುಂಜಿಯಲ್ಲಿ ಎದುರಾದರೆ ಇಬ್ಬರೂ ಫೋನ್ ನೋಡಿಕೊಳ್ಳುತ್ತೇವೆ.

ಇನ್ನು ನಮ್ಮ ಕೆಲಸವನ್ನು ನಾವೇ ಹೇಳಿಕೊಳ್ಳೋದು. ಇದು ರೇಟ್ ಹೇಳೋದಕ್ಕಿಂತ ಕಷ್ಟವಾಯಿತು ನನಗೆ. ‘ತನ್ನ ಬಣ್ಣಿಸಬೇಡ’ ಅಂತ ವಚನ ಬಾಯಿಪಾಠ ಮಾಡಿ ಬೆಳೆದವರು ನಾವು, ಅದರಲ್ಲೂ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಅದನ್ನೇ ಇನ್ನೊಂದು ಸಲ ಒತ್ತಿ ಹೇಳುತ್ತಾರೆ. ಆದರೆ ಒಂದು ದಿನ ಅದೇ ವಚನವನ್ನು ಮಗಳಿಗೆ ಹೇಳಿಕೊಡುವಾಗ ಗಮನಿಸಿದೆ, ಅದಕ್ಕಿಂತ ಮೊದಲೇ ‘ಹುಸಿಯ ನುಡಿಯಲು ಬೇಡ’ ಅಂತಲೂ ಇದೆಯಲ್ಲ! ಒಂಬತ್ತು ಗಂಟೆ ಕೂತು ಮಾಡಿದ್ದನ್ನು ‘ಸುಮ್ನೆ ಟೈಂಪಾಸ್‌ಗೆ’ ಅನ್ನೋದು ಹುಸಿ ಅಲ್ವಾ? ಹೀಗೆ ನನಗೆ ನಾನೇ ವಕೀಲಿಕೆ ಮಾಡಿಕೊಂಡು ಶುರು ಮಾಡಿದೆ. ಬಣ್ಣಿಸೋದು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಅಂತ.

ವಾಟ್ಸಾಪ್ ಸ್ಟೇಟಸ್‌ನಿಂದ ಶುರು. ಮೊದಮೊದಲು ಸೀರೆ ಪೂರ್ತಿ ಹಾಸಿ ಫೋಟೋ ತೆಗೆದು ಹಾಕುತ್ತಿದ್ದೆ, ಎಲ್ಲರೂ ಸೀರೆ ಎಲ್ಲಿ ತಗೊಂಡಿದ್ದು ಅಂತ ಕೇಳೋರೇ ಹೊರತು ಕುಚ್ಚು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಮೇಲೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ, ಹಿಂದೆ ಒಂದು ಬಿಳಿ ಪಂಚೆ ಹಾಸಿ, ಬರೀ ಸೆರಗಿನ ತುದಿ ಮಾತ್ರ ಹತ್ತಿರದಿಂದ ತೆಗೆಯಲು ಕಲಿತೆ. ಫ್ಲ್ಯಾಶ್ ಹಾಕಬಾರದು, ರೇಷ್ಮೆ ದಾರ ನೈಲಾನ್ ತರ ಕಾಣುತ್ತೆ. ಫೋಟೋ ಕೆಳಗೆ ಮೂರೇ ವಿಷಯ: ಯಾವ ಕುಚ್ಚು, ಎಷ್ಟು ಗಂಟೆಯ ಕೆಲಸ, ಎಷ್ಟು ರೂಪಾಯಿ. ‘ರೇಟಿಗೆ ಮೆಸೇಜ್ ಮಾಡಿ’ ಅಂತ ಬರೆಯೋದನ್ನು ನಿಲ್ಲಿಸಿದೆ. ಹಾಗೆ ಬರೆದರೆ ದಿನಕ್ಕೆ ಮೂವತ್ತು ಜನ ಕೇಳಿ, ಓದಿ, ಸುಮ್ಮನಾಗುತ್ತಾರೆ, ಆ ನೀಲಿ ಟಿಕ್ ನೋಡಿ ನನ್ನ ಮನಸ್ಸು ಕೆಡುತ್ತೆ. ರೇಟ್ ಮೊದಲೇ ಹಾಕಿದರೆ ಬರೋದು ಐದೇ ಜನ, ಐವರೂ ಸೀರೆ ಹಿಡಿದುಕೊಂಡೇ ಬರುತ್ತಾರೆ. ಗಂಟೆ ಬರೆದದ್ದಂತೂ ತುಂಬಾ ಕೆಲಸ ಮಾಡಿತು. "ಹೌದೇನ್ರೀ, ಒಂಬತ್ತು ಗಂಟೆನಾ?" ಅಂತ ಕೇಳಿದವರು ಬೆಲೆ ಬಗ್ಗೆ ಮಾತೇ ಎತ್ತಲಿಲ್ಲ.

ರೇಟ್ ಹಾಕಿದ್ದಕ್ಕೆ ನನ್ನ ಜೊತೆ ಕುಚ್ಚು ಕಲಿತ ಒಬ್ಬರು ಫೋನ್ ಮಾಡಿ ಜಗಳವಾಡಿದರು. ಅವರು 150ಕ್ಕೆ ಹಾಕುತ್ತಿದ್ದರು, "ನಿನ್ನ ಸ್ಟೇಟಸ್ ನೋಡಿ ನನ್ನ ಗಿರಾಕಿಗಳು ನೀನೇ ಜಾಸ್ತಿ ತಗೋತೀಯ ಅಂತ ನನ್ನನ್ನು ಹೊಗಳ್ತಾರೆ, ಆದ್ರೆ ನಾನು ಐದು ರೂಪಾಯಿ ಜಾಸ್ತಿ ಮಾಡೋ ಹಾಗಿಲ್ಲ" ಅಂದರು. ಜಗಳ ಅರ್ಧ ಗಂಟೆ ಆಯಿತು, ಕೊನೆಗೆ ಇಬ್ಬರೂ ನಕ್ಕೆವು. ಅಲ್ಲಿಂದ ನಾವು ಕುಚ್ಚು ಹಾಕುವ ಹನ್ನೊಂದು ಜನ ಒಂದು ಗ್ರೂಪ್ ಮಾಡಿಕೊಂಡು, ಬೇಬಿ ಕುಚ್ಚನ್ನು 300ಕ್ಕಿಂತ ಕೆಳಗೆ ಯಾರೂ ಹಾಕೋದು ಬೇಡ ಅಂತ ಮಾತಾಡಿಕೊಂಡೆವು. ಶ್ರಾವಣ ಬಂದ ಕೂಡಲೇ ಇಬ್ಬರು ಮಾತು ಮುರಿದು 200ಕ್ಕೆ ಇಳಿದರು. ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಒಬ್ಬರಿಗೆ ಮಗನ ಫೀಸು ಕಟ್ಟಬೇಕಿತ್ತು. ಉಳಿದ ಒಂಬತ್ತು ಜನ ಇವತ್ತಿಗೂ ಗಟ್ಟಿಯಾಗಿದ್ದೇವೆ. ಕೆಲಸ ಜಾಸ್ತಿ ಬಂದರೆ ಹಂಚಿಕೊಳ್ಳುತ್ತೇವೆ, ಬೆಂಗಳೂರಿನ ಚಿಕ್ಕಪೇಟೆಗೆ ಯಾರಾದರೂ ಹೋದರೆ ಎಲ್ಲರ ದಾರದ ಪಟ್ಟಿ ಅವರ ಕೈಗೆ.

ಚಿಕ್ಕಪೇಟೆ ಅಂದಾಗ ನೆನಪಾಯಿತು. ಮೊದಲು ತುಮಕೂರಿಂದ ರೈಲಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತಲ್ಲ, ಆ ತಿಂಗಳೇ ಒಬ್ಬರು ಕ್ರೋಶಾ ಸೀರೆ ತಗೊಳ್ಳಲು ಬಂದು, "ಈಗ ಬಸ್ ಚಾರ್ಜ್ ಉಳೀತಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅಂದರು. ಬಸ್ಸು ಫ್ರೀ ಆದರೆ ನನ್ನ ಕಣ್ಣು, ಬೆನ್ನು ಫ್ರೀ ಆಯಿತಾ ಅಂತ ಕೇಳಬೇಕಿತ್ತು. ಅದು ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಆಗ ಬರೀ "ಇಲ್ಲ, ಅದೇ ರೇಟ್" ಅಂದಿದ್ದೆ. ಅಷ್ಟೇ ಸಾಕಾಯಿತು ಅನ್ನಿ.

ಹಾಗಂತ ನಾನು ತಗೊಳ್ಳೋದೆಲ್ಲ ನ್ಯಾಯ ಅಂತಲ್ಲ. ಒಂದು ಸಲ ಕೆನೆ ಬಣ್ಣದ ಸೀರೆಗೆ ಮರೂನ್ ದಾರದ ಕುಚ್ಚು ಹಾಕಿ 1,500 ತಗೊಂಡೆ. ಮದುವೆಯಲ್ಲಿ ಯಾರೋ ನೀರು ಚೆಲ್ಲಿ, ದಾರ ಬಣ್ಣ ಬಿಟ್ಟು, ಸೆರಗಿನ ತುದಿಯೆಲ್ಲ ಗುಲಾಬಿ. ಸೀರೆ 6,500ರದ್ದು. ಅವರು ಬಂದು ಬಾಗಿಲಲ್ಲಿ ನಿಂತಾಗ ದಾರದ ಅಂಗಡಿಯವರನ್ನು ಬೈದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಪೂರ್ತಿ ರೇಟ್ ತಗೊಂಡವಳು ಪೂರ್ತಿ ಜವಾಬ್ದಾರಿಯನ್ನೂ ತಗೋಬೇಕಲ್ಲ. ಸೀರೆಯ ದುಡ್ಡು ಮೂರು ಕಂತಿನಲ್ಲಿ ಕೊಟ್ಟೆ. ಅವರು ಈಗಲೂ ನನ್ನ ಗಿರಾಕಿ. ಅವತ್ತಿನಿಂದ ಕೆಂಪು, ಮರೂನ್, ಕಡುನೀಲಿ ಯಾವ ದಾರ ತಂದರೂ ಮೊದಲು ಒಂದು ಗೇಣು ಕತ್ತರಿಸಿ, ಒದ್ದೆ ಮಾಡಿದ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು, ಮೇಲೆ ಮಸಾಲೆ ಕುಟ್ಟುವ ಕಲ್ಲು ಹೇರಿ ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಬಟ್ಟೆಗೆ ಬಣ್ಣ ಹತ್ತಿದ್ದರೆ ಆ ರೀಲು ತಿಳಿಬಣ್ಣದ ಸೀರೆಗಿಲ್ಲ. ಈ ಪರೀಕ್ಷೆಯ ಫೋಟೋವನ್ನೂ ಸ್ಟೇಟಸ್‌ಗೆ ಹಾಕಿದೆ, ಅದಕ್ಕೆ ಬಂದಷ್ಟು ಮೆಸೇಜ್ ಯಾವ ಚಂದದ ಕುಚ್ಚಿಗೂ ಬಂದಿರಲಿಲ್ಲ.

ಕಾಗದ ಪತ್ರದ ಬಗ್ಗೆ ಎರಡು ಮಾತು. ಸಣ್ಣ ಉದ್ಯಮದವರಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡೆ, ಸೈಬರ್ ಸೆಂಟರಿನಲ್ಲಿ 600 ಕೇಳಿದರು, ಮರುಮಾತಾಡದೆ ಕೊಟ್ಟೆ. ಆಮೇಲೆ ಗೊತ್ತಾಯಿತು, ಅದಕ್ಕೆ ಸರ್ಕಾರ ಒಂದು ರೂಪಾಯಿಯೂ ತಗೊಳ್ಳಲ್ಲ, ಆಧಾರ್, ಪ್ಯಾನ್ ಇದ್ದರೆ ನಾವೇ ಮೊಬೈಲಿನಲ್ಲಿ ಮಾಡಿಕೊಳ್ಳಬಹುದು ಅಂತ. ಹತ್ತು ನಿಮಿಷ ಟೈಪ್ ಮಾಡಿದ ಹುಡುಗನಿಗೆ 600 ಕೇಳಲು ಯಾವ ಸಂಕೋಚವೂ ಆಗಲಿಲ್ಲ ನೋಡಿ! 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನಮ್ಮ ಗ್ರೂಪಿನಲ್ಲೂ ಗಾಬರಿ, ಕ್ಯೂಆರ್ ತೆಗೆದುಬಿಡೋಣ ಅಂದವರೂ ಇದ್ದರು. ನಮ್ಮಂಥ ಕೂಲಿ ಕೆಲಸಕ್ಕೆ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ, ಸರಕು ಮಾರುವವರಿಗೆ 40 ಲಕ್ಷ. ನಾವು ಅದರ ಹತ್ತಿರಕ್ಕೂ ಇಲ್ಲ. ಆದರೆ ಮನೆ ಖರ್ಚಿನ ದುಡ್ಡು, ಚೀಟಿ ದುಡ್ಡು, ಕುಚ್ಚಿನ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲಸಿಕೊಂಡಿದ್ದವರು ಆವಾಗ ಬೇರೆ ಖಾತೆ ತೆಗೆದರು, ನಾನೂ ತೆಗೆದೆ. ಅರ್ಧ ದುಡ್ಡು ಅಡ್ವಾನ್ಸ್ ಬರದೆ ಮದುವೆ ಸೀರೆ ಮುಟ್ಟೋದಿಲ್ಲ ಅಂತ ನಿಯಮ ಮಾಡಿಕೊಂಡದ್ದೂ ಆವಾಗಲೇ. ‘ನಾಳೆನೇ ಬೇಕು’ ಅಂದರೆ 150 ಜಾಸ್ತಿ. ಆ ಹಬ್ಬದ 150, ನನ್ನ ಸಣ್ಣ ಸೇಡು ಅಂತಿಟ್ಟುಕೊಳ್ಳಿ.

ಹಳೇ ಬೊಟಿಕ್‌ನವರು ಎರಡು ವರ್ಷದ ಹಿಂದೆ ತಾವಾಗಿಯೇ ಫೋನ್ ಮಾಡಿದರು. ಗಿರಾಕಿ ಕೊಡೋದರಲ್ಲಿ ಅರ್ಧ ನನಗೆ, ಅರ್ಧ ಅವರಿಗೆ ಅಂತ ಮಾತಾಯಿತು. ಕೆಲಸ ಕಳಿಸುವಾಗ ಸೀರೆ ಜೊತೆ ನನ್ನ ಹೆಸರಿನ ಒಂದು ಸಣ್ಣ ಚೀಟಿ ಇಡುತ್ತೇನೆ ಅಂದೆ. ಅದು ಆಗಲ್ಲ ಅಂದರು. ಅದಿನ್ನೂ ನಡೆಯುತ್ತಿದೆ.

ಈಗ ನನ್ನ ಹತ್ತಿರ ಒಬ್ಬ ಹುಡುಗಿ ಕಲಿಯಲು ಬರುತ್ತಾಳೆ, ಡಿಗ್ರಿ ಮುಗಿಸಿದ್ದಾಳೆ, ಕೈ ನನಗಿಂತ ಚುರುಕು. ಹೋದ ತಿಂಗಳು ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದಾಗ ಒಬ್ಬರು ಬಂದರು, ಮಾತಾಡು ಅಂತ ಅವಳಿಗೇ ಬಿಟ್ಟೆ. ಸೀರೆ ಬಿಡಿಸಿದ ಸದ್ದು ಕೇಳಿಸಿತು. "ಎಷ್ಟಮ್ಮ?" ಅಂದರು. "ಕ್ರೋಶಾಗೆ 1,800 ಆಗುತ್ತೆ ಮೇಡಂ" ಅಂದಳು. ಆಮೇಲೆ ಸದ್ದೇ ಇಲ್ಲ. ಸೌಟು ಹಿಡಿದುಕೊಂಡು ನಿಂತೆ, ಸಾಸಿವೆ ಸೀದುಹೋಯಿತು, ‘ಆದ್ರೆ’ ಅಂದುಬಿಡುತ್ತಾಳೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅನ್ನಲಿಲ್ಲ. "ಮನೇಲಿ ಕೇಳಿ ಹೇಳ್ತೀನಿ" ಅಂತ ಅವರು ಸೀರೆ ಮಡಚಿಕೊಂಡು ಹೋದರು.

ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ಮತ್ತೆ ಬರ್ತಾರಾ ಅವರು?"

"ಗೊತ್ತಿಲ್ಲ ಕಣೇ" ಅಂದೆ. "ಆ ಹಸಿರು ರೀಲು ತಗೋ, ದಾರ ಸುತ್ತೋದಿದೆ."